ಹತ್ತೊಂಬತ್ತನೆಯ ಎಲೆಕ್ಟ್ರಾನ್ ಎಲ್ಲಿ ಹೋಗಿ ಕೂರುತ್ತದೆ?

ಒಂಬತ್ತನೇ ತರಗತಿಯಲ್ಲಿ ನೀವು ಎರಡು ಮಾತು ಕಲಿತಿರುತ್ತೀರಿ. ಒಂದು, ಮೂರನೆಯದಾದ ಎಂ ಕವಚದಲ್ಲಿ 18 ಎಲೆಕ್ಟ್ರಾನ್‌ಗಳಿಗೆ ಜಾಗವಿದೆ. ಇನ್ನೊಂದು, ಪೊಟ್ಯಾಸಿಯಂನ ವಿನ್ಯಾಸ 2, 8, 8, 1. ಎರಡನ್ನೂ ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿರುತ್ತೀರಿ. ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎಂ ಕವಚದಲ್ಲಿ ಇನ್ನೂ ಹತ್ತು ಜಾಗ ಖಾಲಿ ಇರುವಾಗ ಹತ್ತೊಂಬತ್ತನೆಯ ಎಲೆಕ್ಟ್ರಾನ್ ಅದನ್ನು ಬಿಟ್ಟು ಎನ್ ಕವಚಕ್ಕೆ ಯಾಕೆ ಹೋಯಿತು? "ಹೊರಕವಚದಲ್ಲಿ ಎಂಟಕ್ಕಿಂತ ಹೆಚ್ಚು ಇರಬಾರದು" ಎಂದರೆ ಅದು ಉತ್ತರವಾಗಲಿಲ್ಲ, ಪ್ರಶ್ನೆಯನ್ನೇ ಇನ್ನೊಂದು ಮಾತಿನಲ್ಲಿ ಹೇಳಿದಂತಾಯಿತು. ಎರಡು ಮನೆ ಮುಂದೆ ಹೋಗಿ ಸ್ಕ್ಯಾಂಡಿಯಂ ನೋಡಿದರೆ ವಿನ್ಯಾಸ 2, 8, 9, 2. ಮುಚ್ಚಿಹೋಗಿತ್ತು ಅಂದುಕೊಂಡ ಎಂ ಕವಚ ಮತ್ತೆ ಬಾಗಿಲು ತೆರೆದಿದೆ.

ಪಿಯುಸಿ ಮೊದಲ ವರ್ಷದ ಮಕ್ಕಳಿಗೆ ಎಲೆಕ್ಟ್ರಾನ್ ವಿನ್ಯಾಸ ಹೇಳಿಕೊಡುವಾಗ ನಾನು ಇಲ್ಲಿಂದಲೇ ಶುರುಮಾಡುತ್ತೇನೆ. ಈ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿದರೆ ಮಿಕ್ಕ ಪಾಠದಲ್ಲಿ ಬಾಯಿಪಾಠ ಮಾಡಬೇಕಾದ್ದು ತೀರಾ ಕಡಿಮೆ. ಒಂದು ಪೆನ್ಸಿಲ್, ಒಂದು ಚೌಕುಳಿ ಪುಸ್ತಕ, ಒಂದು ಆವರ್ತಕ ಕೋಷ್ಟಕ ತೆಗೆದುಕೊಳ್ಳಿ. ಕೋಷ್ಟಕದಲ್ಲಿ ವಿನ್ಯಾಸಗಳನ್ನು ಮುದ್ರಿಸಿರದಿದ್ದರೆ ಒಳ್ಳೆಯದು. ಧಾತುವಿನ ಹೆಸರು, ಪರಮಾಣು ಸಂಖ್ಯೆ ಇಷ್ಟಿದ್ದರೆ ಸಾಕು. ಓದುತ್ತಾ ಬರೆಯಿರಿ, ಬರೀ ಕಣ್ಣಾಡಿಸಿದರೆ ಇದು ಕೈಗೆ ಹತ್ತುವುದಿಲ್ಲ.

ಮೊದಲ ಹೆಜ್ಜೆ: ಎಷ್ಟಿವೆ ಎಂದು ಎಣಿಸಿ

ಪರಮಾಣು ಸಂಖ್ಯೆ ಎಂದರೆ ನ್ಯೂಕ್ಲಿಯಸ್‌ನಲ್ಲಿರುವ ಪ್ರೋಟಾನ್‌ಗಳ ಸಂಖ್ಯೆ. ತಟಸ್ಥ ಪರಮಾಣುವಿನಲ್ಲಿ ಎಲೆಕ್ಟ್ರಾನ್‌ಗಳೂ ಅಷ್ಟೇ. ಅಯಾನು, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಇಲ್ಲವೇ ಪಡೆದುಕೊಂಡ ಪರಮಾಣು, ಆಗಿದ್ದರೆ ಧನ ಆವೇಶ ಎಷ್ಟಿದೆಯೋ ಅಷ್ಟು ಕಳೆಯಿರಿ, ಋಣ ಆವೇಶ ಎಷ್ಟಿದೆಯೋ ಅಷ್ಟು ಕೂಡಿಸಿ. ಗಂಧಕ 16, ಎರಡು ಋಣ ಆವೇಶದ ಸಲ್ಫೈಡ್ ಅಯಾನು 18. ಈ ಹೆಜ್ಜೆ ಇಷ್ಟೇ.

ಎರಡನೇ ಹೆಜ್ಜೆ: ಕವಚ, ಉಪಕವಚ, ಕಕ್ಷಕ

ಇಲ್ಲಿ ಮಾತ್ರ ಅವಸರ ಬೇಡ. ಮುಂದೆ ಆಗುವ ತಪ್ಪುಗಳಲ್ಲಿ ಬಹಳಷ್ಟು ಈ ಮೂರು ಪದಗಳು ಕಲಸಿಹೋಗುವುದರಿಂದಲೇ ಆಗುತ್ತವೆ.

ಅದಕ್ಕೂ ಮೊದಲು ಇನ್ನೊಂದು ಗೊಂದಲ ಕಳೆದುಕೊಳ್ಳೋಣ. ಕಕ್ಷೆ ಬೇರೆ, ಕಕ್ಷಕ ಬೇರೆ. ನೀಲ್ಸ್ ಬೋರ್ 1913ರಲ್ಲಿ ಕೊಟ್ಟ ಚಿತ್ರದಲ್ಲಿ ಎಲೆಕ್ಟ್ರಾನ್ ನ್ಯೂಕ್ಲಿಯಸ್ ಸುತ್ತ ಗೊತ್ತಾದ ದಾರಿಯಲ್ಲಿ ಸುತ್ತುತ್ತದೆ. ಆ ದಾರಿ ಕಕ್ಷೆ. ಹೈಡ್ರೋಜನ್ ಹೊರಸೂಸುವ ಬಣ್ಣದ ಗೆರೆಗಳ ಲೆಕ್ಕ ಆ ಚಿತ್ರದಿಂದ ಚೆನ್ನಾಗಿಯೇ ಬಂತು. ಆದರೆ ಎರಡೇ ಎಲೆಕ್ಟ್ರಾನ್ ಇರುವ ಹೀಲಿಯಂ ವಿಷಯಕ್ಕೆ ಬಂದಾಗ ಲೆಕ್ಕ ಕೈಕೊಟ್ಟಿತು. 1926ರಲ್ಲಿ ಎರ್ವಿನ್ ಶ್ರೋಡಿಂಗರ್ ಬರೆದ ಸಮೀಕರಣ ದಾರಿಯ ಮಾತನ್ನೇ ಬಿಟ್ಟಿತು. ಅದು ಹೇಳುವುದು ಎಲೆಕ್ಟ್ರಾನ್ ಎಲ್ಲಿ ಸಿಗುವ ಸಾಧ್ಯತೆ ಹೆಚ್ಚು, ಎಲ್ಲಿ ಕಡಿಮೆ ಎಂಬುದನ್ನು. ಸಂಪಿಗೆ ಮರದ ಕೆಳಗೆ ನಿಂತಾಗ ಪರಿಮಳ ಎಲ್ಲಿ ದಟ್ಟವಾಗಿದೆ, ಎಲ್ಲಿ ತೆಳುವಾಗಿದೆ ಎಂದು ಹೇಳಬಹುದು, ಇಲ್ಲಿಗೆ ಮುಗಿಯಿತು ಎಂದು ಗೆರೆ ಎಳೆಯಲಾಗದು. ಕಕ್ಷಕವೂ ಹಾಗೆಯೇ. ಪುಸ್ತಕದಲ್ಲಿ ಅದಕ್ಕೊಂದು ಗುಂಡನೆಯ ಅಥವಾ ಡಂಬೆಲ್ ಆಕಾರ ಬರೆದಿರುತ್ತಾರಲ್ಲ, ಅದು ಎಲೆಕ್ಟ್ರಾನ್ ಹೆಚ್ಚುಪಾಲು ಸಿಗುವ ಪ್ರದೇಶಕ್ಕೆ ನಾವು ಹಾಕಿಕೊಂಡ ಬೇಲಿ.

ಈಗ ಮೂರು ಪದಗಳು. ಕವಚಕ್ಕೆ ಸಂಖ್ಯೆ ಇದೆ: 1, 2, 3, 4. ನೀವು ಕೆ, ಎಲ್, ಎಂ, ಎನ್ ಎಂದು ಕಲಿತದ್ದು ಇವನ್ನೇ. ಪ್ರತಿ ಕವಚದ ಒಳಗೆ ಉಪಕವಚಗಳು. ಅವುಗಳ ಹೆಸರು ಎಸ್, ಪಿ, ಡಿ, ಎಫ್. ಈ ಅಕ್ಷರಗಳು ಎಲ್ಲಿಂದ ಬಂದವು ಎಂದು ಮಕ್ಕಳು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡುತ್ತಿದ್ದ ಹಿಂದಿನ ರೋಹಿತ ವಿಜ್ಞಾನಿಗಳು ತಾವು ಕಂಡ ಗೆರೆಗಳ ಸರಣಿಗಳಿಗೆ ಶಾರ್ಪ್, ಪ್ರಿನ್ಸಿಪಲ್, ಡಿಫ್ಯೂಸ್, ಫಂಡಮೆಂಟಲ್ ಎಂದು ಹೆಸರಿಟ್ಟಿದ್ದರು. ಆ ಹೆಸರುಗಳ ಮೊದಲ ಅಕ್ಷರಗಳು ಉಳಿದುಕೊಂಡಿವೆ, ಅಷ್ಟೆ.

ಉಪಕವಚದ ಒಳಗೆ ಕಕ್ಷಕಗಳು. ಎಸ್‌ನಲ್ಲಿ 1, ಪಿಯಲ್ಲಿ 3, ಡಿಯಲ್ಲಿ 5, ಎಫ್‌ನಲ್ಲಿ 7. ಒಂದೊಂದು ಕಕ್ಷಕದಲ್ಲಿ ಹೆಚ್ಚೆಂದರೆ ಎರಡು ಎಲೆಕ್ಟ್ರಾನ್. ಹಾಗಾಗಿ ಎಸ್ ಹಿಡಿಯುವುದು 2, ಪಿ 6, ಡಿ 10, ಎಫ್ 14. ಈ ನಾಲ್ಕು ಸಂಖ್ಯೆಗಳು ನಾಲಿಗೆಯ ತುದಿಯಲ್ಲಿರಲಿ.

ಮೊದಲನೇ ಕವಚದಲ್ಲಿ ಒಂದೇ ಉಪಕವಚ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಮೂರು, ನಾಲ್ಕನೆಯದರಲ್ಲಿ ನಾಲ್ಕು. ಅಂದರೆ ಮೂರನೇ ಕವಚದಲ್ಲಿ ಇರುವುದು 3ಎಸ್, 3ಪಿ, 3ಡಿ. ಅದರ ಕಕ್ಷಕಗಳನ್ನು ಕೂಡಿಸಿ: 1 + 3 + 5 = 9. ನಾಲ್ಕನೆಯದಕ್ಕೆ 1 + 3 + 5 + 7 = 16. ಬೆಸ ಸಂಖ್ಯೆಗಳನ್ನು ಒಂದರಿಂದ ಕೂಡಿಸುತ್ತಾ ಹೋದರೆ ವರ್ಗಸಂಖ್ಯೆ ಬರುತ್ತದೆ ಎಂದು ಗಣಿತದಲ್ಲಿ ನೋಡಿದ್ದು ಇಲ್ಲಿ ನೆನಪಾಗಬೇಕು. ಕಕ್ಷಕಕ್ಕೆ ಎರಡರಂತೆ ಎಲೆಕ್ಟ್ರಾನ್ ಹಾಕಿದರೆ 2, 8, 18, 32. ಕವಚ ಸಂಖ್ಯೆಯ ವರ್ಗದ ಎರಡರಷ್ಟು ಎಂಬ ಸೂತ್ರ ಹುಟ್ಟುವುದು ಹೀಗೆ. ಇದನ್ನು ಮೊದಲ ಸಲ ತಾವೇ ಕೂಡಿಸಿ ನೋಡಿದ ಮಕ್ಕಳ ಮುಖ ಅರಳುವುದನ್ನು ನೋಡುವುದೇ ನನಗೆ ಈ ಪಾಠದ ದೊಡ್ಡ ಸಂತೋಷ.

ಮೂರನೇ ಹೆಜ್ಜೆ: ಯಾವುದು ಮೊದಲು, ಯಾವುದು ಆಮೇಲೆ

ಎಲೆಕ್ಟ್ರಾನ್‌ಗಳು ಕಡಿಮೆ ಶಕ್ತಿಯ ಉಪಕವಚದಿಂದ ತುಂಬುತ್ತಾ ಬರುತ್ತವೆ. ಇದಕ್ಕೆ ಔಫ್‌ಬೌ ನಿಯಮ ಎಂಬ ಹೆಸರಿದೆ. ಜರ್ಮನ್ ಭಾಷೆಯಲ್ಲಿ ಆ ಪದಕ್ಕೆ ಕಟ್ಟುತ್ತಾ ಹೋಗುವುದು ಎಂದರ್ಥ, ಅದು ಯಾವ ವಿಜ್ಞಾನಿಯ ಹೆಸರೂ ಅಲ್ಲ.

ಶಕ್ತಿಯ ಕ್ರಮ ಹೇಗೆ ಗೊತ್ತಾಗಬೇಕು? ಕವಚದ ಸಂಖ್ಯೆಗೆ ಉಪಕವಚದ ಸಂಖ್ಯೆಯನ್ನು ಕೂಡಿಸಿ. ಎಸ್‌ಗೆ 0, ಪಿಗೆ 1, ಡಿಗೆ 2, ಎಫ್‌ಗೆ 3. ಮೊತ್ತ ಕಡಿಮೆ ಇದ್ದದ್ದು ಮೊದಲು. ಮೊತ್ತ ಸಮವಾದರೆ ಕವಚದ ಸಂಖ್ಯೆ ಕಡಿಮೆ ಇದ್ದದ್ದು ಮೊದಲು. 3ಡಿ ಎಂದರೆ 3 + 2 = 5. 4ಎಸ್ ಎಂದರೆ 4 + 0 = 4. ಹಾಗಾಗಿ 4ಎಸ್ ಮೊದಲು. 3ಡಿಗೂ 4ಪಿಗೂ ಮೊತ್ತ 5 ಆದ್ದರಿಂದ ಅವೆರಡರಲ್ಲಿ 3ಡಿ ಮೊದಲು.

ಪೊಟ್ಯಾಸಿಯಂನ ಹತ್ತೊಂಬತ್ತನೆಯ ಎಲೆಕ್ಟ್ರಾನ್ 4ಎಸ್‌ಗೆ ಹೋಗುತ್ತದೆ, ಅದಕ್ಕೇ 2, 8, 8, 1. ಆದರೆ ಇದು ಇನ್ನೂ ಲೆಕ್ಕದ ಉತ್ತರ. ಪ್ರಕೃತಿಯಲ್ಲಿ ಹಾಗೆ ಯಾಕಾಗುತ್ತದೆ ಎಂಬುದು ನಮಗೆ ಬೇಕು.

ಪೊಟ್ಯಾಸಿಯಂ ನ್ಯೂಕ್ಲಿಯಸ್‌ನಲ್ಲಿ 19 ಧನ ಆವೇಶ. ಸುತ್ತ ಆಗಲೇ 18 ಎಲೆಕ್ಟ್ರಾನ್‌ಗಳ ದಟ್ಟ ಮೋಡ. ಹೊಸದಾಗಿ ಬರುವ ಎಲೆಕ್ಟ್ರಾನ್ ಆ ಮೋಡದ ಪೂರ್ತಿ ಹೊರಗೇ ನಿಂತರೆ ಅದಕ್ಕೆ ತಟ್ಟುವ ಸೆಳೆತ 19 ಕಳೆದು 18, ಅಂದರೆ ಒಂದೇ ಒಂದು ಆವೇಶದ್ದು. 3ಡಿ ಕಕ್ಷಕದ ಗತಿ ಹೆಚ್ಚುಕಡಿಮೆ ಇದೇ. ಅದರ ಆಕಾರ ನ್ಯೂಕ್ಲಿಯಸ್ ಹತ್ತಿರಕ್ಕೆ ಹೋಗಲು ಬಿಡುವುದಿಲ್ಲ. 4ಎಸ್ ಹಾಗಲ್ಲ. ಅದರ ಬಹುಪಾಲು ದೂರದಲ್ಲಿದ್ದರೂ ಸಣ್ಣದೊಂದು ಪಾಲು ಒಳಗಿನ ಮೋಡವನ್ನು ತೂರಿಕೊಂಡು ನ್ಯೂಕ್ಲಿಯಸ್‌ವರೆಗೂ ಹೋಗುತ್ತದೆ. ಅಲ್ಲಿ ಮರೆ ಇಲ್ಲ, ಸೆಳೆತ ಬಲವಾಗಿ ತಟ್ಟುತ್ತದೆ. ಆ ಸಣ್ಣ ಪಾಲಿನಿಂದ ಒಟ್ಟು ಶಕ್ತಿ ಕೆಳಗಿಳಿಯುತ್ತದೆ.

ಇದು ಊಹೆಯಲ್ಲ, ಅಳೆದು ನೋಡಿದ್ದಾರೆ. ಪೊಟ್ಯಾಸಿಯಂನ 4ಎಸ್ ಎಲೆಕ್ಟ್ರಾನ್ ಕಿತ್ತು ತೆಗೆಯಲು 4.34 ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದಲ್ಲಿ ಶಕ್ತಿಯನ್ನು ಅಳೆಯುವ ಮಾನ) ಬೇಕು. ಅದೇ ಎಲೆಕ್ಟ್ರಾನನ್ನು 3ಡಿಗೆ ಏರಿಸಿಟ್ಟರೆ ಅಲ್ಲಿಂದ ಕೀಳಲು ಸುಮಾರು 1.67 ಸಾಕು. ಹೋಲಿಕೆಗೆ ಹೈಡ್ರೋಜನ್ ನೋಡಿ. ಅದರ ಮೂರನೇ ಕವಚದಿಂದ ಕೀಳಲು ಬೇಕಾದ್ದು 1.51, ನಾಲ್ಕನೆಯದರಿಂದ 0.85. ಪೊಟ್ಯಾಸಿಯಂನ 3ಡಿ ಹೈಡ್ರೋಜನ್ನಿನ ಮೂರನೇ ಕವಚದ ಹತ್ತಿರವೇ ಇದೆ, ಅಂದರೆ ಅದಕ್ಕೆ ಒಂದು ಆವೇಶದ ಸೆಳೆತವಷ್ಟೇ ಕಾಣುತ್ತಿದೆ. ಕೀಳಲು ಹೆಚ್ಚು ಶಕ್ತಿ ಬೇಕಾದಷ್ಟೂ ಎಲೆಕ್ಟ್ರಾನ್ ಕೆಳಗಿದೆ ಎಂದರ್ಥ, 4ಎಸ್ ಮಾತ್ರ 0.85ರಿಂದ 4.34ಕ್ಕೆ ಇಳಿದು ಕೂತಿದೆ. ಒಳಗೆ ನುಗ್ಗಿದ್ದರ ಫಲ ಇದು.

ಹೈಡ್ರೋಜನ್ನಿನಲ್ಲಿ ಇರುವುದು ಒಂದೇ ಎಲೆಕ್ಟ್ರಾನ್, ಮರೆ ಮಾಡುವವರು ಯಾರೂ ಇಲ್ಲ. ಆದ್ದರಿಂದ ಅಲ್ಲಿ 3ಎಸ್, 3ಪಿ, 3ಡಿ ಮೂರಕ್ಕೂ ಒಂದೇ ಶಕ್ತಿ ಎಂದು ಬರೆಯಬಹುದು. ಮೊತ್ತದ ನಿಯಮ ಬೇಕಾಗುವುದು ಎಲೆಕ್ಟ್ರಾನ್ ಒಂದಕ್ಕಿಂತ ಹೆಚ್ಚಾದಾಗ.

ಬಾಣದ ಚಿತ್ರ ಬಿಡಿ, ಕೋಷ್ಟಕದ ಮೇಲೆ ನಡೆಯಿರಿ

ಈ ಕ್ರಮ ನೆನಪಿಡಲು ಓರೆ ಬಾಣಗಳ ಚಿತ್ರವೊಂದನ್ನು ಎಲ್ಲರೂ ಕಲಿಸುತ್ತಾರೆ. ತಪ್ಪೇನಿಲ್ಲ. ಆದರೆ ಪರೀಕ್ಷೆಯ ಗಾಬರಿಯಲ್ಲಿ ಒಂದು ಬಾಣ ತಪ್ಪಿದರೆ ಮುಂದಿನದೆಲ್ಲ ತಪ್ಪು. ಅದಕ್ಕಿಂತ ಆವರ್ತಕ ಕೋಷ್ಟಕವನ್ನೇ ನಕ್ಷೆಯಂತೆ ಓದುವುದು ನನ್ನ ಮಟ್ಟಿಗೆ ಹೆಚ್ಚು ಭದ್ರ.

ಕೋಷ್ಟಕ ಬಿಡಿಸಿಡಿ. ಎಡಗಡೆ ಎರಡು ಕಂಬಸಾಲು, ಅದು ಎಸ್ ವಿಭಾಗ. ಬಲಗಡೆ ಆರು, ಅದು ಪಿ. ನಡುವೆ ತಗ್ಗಿನಲ್ಲಿ ಹತ್ತು, ಅದು ಡಿ. ಕೆಳಗೆ ಬೇರೆಯಾಗಿ ಮುದ್ರಿಸಿರುವ ಸಾಲುಗಳಲ್ಲಿ ಹದಿನಾಲ್ಕು, ಅದು ಎಫ್. 2, 6, 10, 14. ಉಪಕವಚಗಳು ಹಿಡಿಯುವ ಸಂಖ್ಯೆಗಳೇ ಕೋಷ್ಟಕದ ಅಗಲಗಳು. 1869ರಲ್ಲಿ ಮೆಂಡಲೀವ್ ಧಾತುಗಳ ಗುಣ ನೋಡಿ ಜೋಡಿಸುವಾಗ ಎಲೆಕ್ಟ್ರಾನ್ ಎಂಬುದೇ ಗೊತ್ತಿರಲಿಲ್ಲ. ಜೆ. ಜೆ. ಥಾಮ್ಸನ್ ಅದನ್ನು ಪತ್ತೆಹಚ್ಚಿದ್ದು 1897ರಲ್ಲಿ. ಗುಣಗಳ ಆಧಾರದ ಮೇಲೆ ಜೋಡಿಸಿದ ಕೋಷ್ಟಕದೊಳಗೆ ಎಲೆಕ್ಟ್ರಾನ್‌ಗಳ ಜಾಗದ ಲೆಕ್ಕ ಆಗಲೇ ಅಡಗಿ ಕೂತಿತ್ತು.

ನಡೆಯುವ ಕ್ರಮ ಹೀಗೆ. ಹೈಡ್ರೋಜನ್ನಿನಿಂದ ಶುರುಮಾಡಿ ಎಡದಿಂದ ಬಲಕ್ಕೆ, ಸಾಲು ಮುಗಿದರೆ ಮುಂದಿನ ಸಾಲಿಗೆ. ಎಸ್ ಮತ್ತು ಪಿ ವಿಭಾಗದಲ್ಲಿದ್ದಾಗ ಸಾಲಿನ ಸಂಖ್ಯೆಯೇ ಕವಚದ ಸಂಖ್ಯೆ. ಡಿ ವಿಭಾಗಕ್ಕೆ ಕಾಲಿಟ್ಟರೆ ಸಾಲಿನ ಸಂಖ್ಯೆಯಿಂದ 1 ಕಳೆಯಿರಿ, ಎಫ್‌ನಲ್ಲಿ 2 ಕಳೆಯಿರಿ. ನಾಲ್ಕನೇ ಸಾಲಿನಲ್ಲಿ ನಡೆದರೆ ಮೊದಲು 4ಎಸ್, ಆಮೇಲೆ 3ಡಿ, ಆಮೇಲೆ 4ಪಿ. ಆರನೇ ಸಾಲಿನಲ್ಲಿ 6ಎಸ್, 4ಎಫ್, 5ಡಿ, 6ಪಿ. ಹೀಲಿಯಂ ಒಂದನ್ನು ನೆನಪಿಡಿ. ಅದನ್ನು ಬಲತುದಿಯಲ್ಲಿ ಇಟ್ಟಿದ್ದರೂ ಅದರದ್ದು 1ಎಸ್² (ಮೇಲಿನ ಅಂಕಿ ಆ ಉಪಕವಚದಲ್ಲಿರುವ ಎಲೆಕ್ಟ್ರಾನ್‌ಗಳ ಸಂಖ್ಯೆ), ಪಿ ಅಲ್ಲ. ಗುಣದಲ್ಲಿ ಅದು ರಾಜಾನಿಲ, ಅಂದರೆ ಬೇರೆ ಧಾತುಗಳೊಡನೆ ಸುಲಭವಾಗಿ ಕೂಡದ ಅನಿಲ, ಆದ್ದರಿಂದ ಅಲ್ಲಿಟ್ಟಿದ್ದಾರೆ.

ನಾಲ್ಕನೇ ಹೆಜ್ಜೆ: ಕಕ್ಷಕದೊಳಗೆ ಕೂರಿಸುವುದು

ಒಂದು ಕಕ್ಷಕದಲ್ಲಿ ಎರಡೇ ಯಾಕೆ? ವೋಲ್ಫ್‌ಗಾಂಗ್ ಪೌಲಿ 1925ರಲ್ಲಿ ಹೇಳಿದ ನಿಯಮ ಇದು. ಒಂದೇ ಪರಮಾಣುವಿನ ಯಾವ ಎರಡು ಎಲೆಕ್ಟ್ರಾನ್‌ಗಳಿಗೂ ನಾಲ್ಕೂ ಕ್ವಾಂಟಮ್ ಸಂಖ್ಯೆಗಳು (ಎಲೆಕ್ಟ್ರಾನಿನ ವಿಳಾಸ ಹೇಳುವ ಸಂಖ್ಯೆಗಳು) ಒಂದೇ ಆಗಿರುವಂತಿಲ್ಲ. ಕವಚ, ಉಪಕವಚ, ಕಕ್ಷಕ ಮೂರೂ ಒಂದೇ ಆದರೆ ಉಳಿಯುವುದು ಸ್ಪಿನ್ ಮಾತ್ರ. ಸ್ಪಿನ್ ಎಂಬುದು ಎಲೆಕ್ಟ್ರಾನಿನ ಸ್ವಂತ ಗುಣ, ಅದಕ್ಕೆ ಇರುವುದು ಎರಡೇ ಬೆಲೆ. ಅದನ್ನು ಮೇಲಿನ ಬಾಣ, ಕೆಳಗಿನ ಬಾಣ ಎಂದು ಬರೆಯುತ್ತೇವೆ.

ಈಗ ಪುಸ್ತಕದಲ್ಲಿ ಮೂರು ಚೌಕ ಬರೆದುಕೊಳ್ಳಿ. ಅವು 2ಪಿಯ ಮೂರು ಕಕ್ಷಕಗಳು. ಸಾರಜನಕಕ್ಕೆ ಅಲ್ಲಿ ಮೂರು ಎಲೆಕ್ಟ್ರಾನ್ ಹಾಕಬೇಕು. ಹುಂಡ್ ನಿಯಮದ ಪ್ರಕಾರ ಮೊದಲು ಚೌಕಕ್ಕೊಂದು, ಎಲ್ಲ ಬಾಣಗಳೂ ಒಂದೇ ದಿಕ್ಕಿಗೆ:

ಸಾರಜನಕ 2ಪಿ: [↑] [↑] [↑]

ಆಮ್ಲಜನಕಕ್ಕೆ ನಾಲ್ಕು. ಖಾಲಿ ಚೌಕ ಉಳಿದಿಲ್ಲ, ಈಗ ಜೋಡಿ ಆಗಲೇಬೇಕು:

ಆಮ್ಲಜನಕ 2ಪಿ: [↑↓] [↑] [↑]

ಈ ನಿಯಮವನ್ನು ನಂಬಲು ಏನು ಆಧಾರ? ಇಂಗಾಲದಿಂದ ಮೊದಲ ಎಲೆಕ್ಟ್ರಾನ್ ತೆಗೆಯಲು ಮೋಲ್‌ಗೆ 1086 ಕಿಲೋಜೌಲ್ ಬೇಕು. ಸಾರಜನಕಕ್ಕೆ 1402. ನ್ಯೂಕ್ಲಿಯಸ್‌ನ ಆವೇಶ ಏರುತ್ತಾ ಹೋಗುವುದರಿಂದ ಆಮ್ಲಜನಕಕ್ಕೆ ಇನ್ನೂ ಹೆಚ್ಚು ಬೇಕಾಗಬೇಕಿತ್ತು. ಬೇಕಾಗುವುದು 1314, ಅಂದರೆ ಇಳಿದಿದೆ. ಫ್ಲೋರಿನ್‌ಗೆ ಬಂದರೆ ಮತ್ತೆ ಏರಿ 1681. ಆಮ್ಲಜನಕದಲ್ಲಿ ಮಾತ್ರ ಈ ಕುಸಿತ ಯಾಕೆ ಎಂದು ಮೇಲಿನ ಎರಡು ಚಿತ್ರ ನೋಡಿಕೊಂಡು ನೀವೇ ಹೇಳಬಲ್ಲಿರಿ. ಒಂದೇ ಕಕ್ಷಕದಲ್ಲಿ ಕೂತ ಎರಡು ಎಲೆಕ್ಟ್ರಾನ್‌ಗಳು ಒಂದನ್ನೊಂದು ತಳ್ಳುತ್ತವೆ, ಹಾಗಾಗಿ ಒಂದು ಸುಲಭವಾಗಿ ಬಿಟ್ಟುಹೋಗುತ್ತದೆ. ಚೌಕದೊಳಗಿನ ಬಾಣಗಳನ್ನು ಬರೀ ಬರೆಯುವ ಶಿಸ್ತು ಎಂದುಕೊಳ್ಳಬೇಡಿ, ಅಳತೆಯಲ್ಲಿ ಕಾಣುವ ಸಂಗತಿ ಅದು.

ಐದನೇ ಹೆಜ್ಜೆ: ಪೂರ್ತಿ ಬರೆದು ನೋಡಿ

ಗಂಧಕ, 16. ಕೋಷ್ಟಕದ ಮೇಲೆ ಬೆರಳಿಟ್ಟು ನಡೆಯುತ್ತಾ ಬರೆಯಿರಿ: 1ಎಸ್² 2ಎಸ್² 2ಪಿ⁶ 3ಎಸ್² 3ಪಿ⁴. ಮೇಲಿನ ಅಂಕಿಗಳನ್ನು ಕೂಡಿಸಿ: 2 + 2 + 6 + 2 + 4 = 16. ಪ್ರತಿ ಸಲವೂ ಹೀಗೆ ಕೂಡಿಸಿ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಹತ್ತು ಸೆಕೆಂಡಿನ ಕೆಲಸ, ಬಹಳಷ್ಟು ತಪ್ಪುಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಅಯೋಡಿನ್, 53. ಇಷ್ಟು ದೂರ ಬಂದಮೇಲೆ ಮೊದಲಿಂದ ಬರೆಯುವ ಅಗತ್ಯವಿಲ್ಲ. ಹಿಂದಿನ ಸಾಲಿನ ಕೊನೆಯ ರಾಜಾನಿಲ ಕ್ರಿಪ್ಟಾನ್, 36. ಅಲ್ಲಿಯವರೆಗಿನದನ್ನೆಲ್ಲ ಆವರಣದಲ್ಲಿ ಅದರ ಹೆಸರಾಗಿ ಬರೆದುಬಿಡಿ. ಉಳಿದದ್ದು 17. ಐದನೇ ಸಾಲಿನಲ್ಲಿ 5ಎಸ್‌ಗೆ 2, 4ಡಿಗೆ 10, 5ಪಿಗೆ 5. ಆಯಿತು: [ಕ್ರಿಪ್ಟಾನ್] 4ಡಿ¹⁰ 5ಎಸ್² 5ಪಿ⁵.

ತುಂಬುವಾಗ 5ಎಸ್ ಮೊದಲು ಬಂದರೂ ಬರೆಯುವಾಗ ನಾನು 4ಡಿಯನ್ನು ಮುಂದಿಟ್ಟೆ, ಗಮನಿಸಿ. ಎರಡು ರೀತಿಯಲ್ಲಿ ಬರೆದರೂ ಸರಿ. ಆದರೆ ಕವಚದ ಕ್ರಮದಲ್ಲಿ ಬರೆಯುವುದೇ ಒಳ್ಳೆಯದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಏಳನೇ ಹೆಜ್ಜೆಗೆ ಬಂದಾಗ ಅದರ ಉಪಯೋಗ ಗೊತ್ತಾಗುತ್ತದೆ.

ಆರನೇ ಹೆಜ್ಜೆ: ಕ್ರೋಮಿಯಂ, ತಾಮ್ರ

ನಿಯಮದ ಪ್ರಕಾರ ಕ್ರೋಮಿಯಂ, 24, ಹೀಗಿರಬೇಕು: [ಆರ್ಗಾನ್] 3ಡಿ⁴ 4ಎಸ್². ಇರುವುದು [ಆರ್ಗಾನ್] 3ಡಿ⁵ 4ಎಸ್¹. ತಾಮ್ರ, 29, 3ಡಿ⁹ 4ಎಸ್² ಆಗದೆ 3ಡಿ¹⁰ 4ಎಸ್¹ ಆಗಿದೆ. ಅರ್ಧ ತುಂಬಿದ ಅಥವಾ ಪೂರ್ತಿ ತುಂಬಿದ ಡಿ ಉಪಕವಚಕ್ಕೆ ಹೆಚ್ಚಿನ ಸ್ಥಿರತೆ ಎಂದು ಉತ್ತರ ಬರೆಯುತ್ತೀರಿ. ಅದರ ಹಿಂದಿರುವ ವಿಷಯ ಇಷ್ಟು: ಇಲ್ಲಿ 3ಡಿ, 4ಎಸ್ ಎರಡರ ಶಕ್ತಿಯೂ ತೀರಾ ಹತ್ತಿರ. ಒಂದೇ ದಿಕ್ಕಿನ ಸ್ಪಿನ್ ಇರುವ ಎಲೆಕ್ಟ್ರಾನ್‌ಗಳು ಹೆಚ್ಚಾದಷ್ಟೂ, ಜೋಡಿಯ ತಳ್ಳಾಟ ಕಡಿಮೆಯಾದಷ್ಟೂ ಸಿಗುವ ಸಣ್ಣ ಲಾಭವೇ ತಕ್ಕಡಿಯನ್ನು ವಾಲಿಸಲು ಸಾಕಾಗುತ್ತದೆ.

ಇದನ್ನು ಎಲ್ಲ ಕಡೆಗೂ ಎಳೆಯಬೇಡಿ. ಕ್ರೋಮಿಯಂನ ಕೆಳಗಿರುವ ಮಾಲಿಬ್ಡಿನಂ ಅದರಂತೆಯೇ ನಡೆದುಕೊಳ್ಳುತ್ತದೆ. ಅದರ ಕೆಳಗಿನ ಟಂಗ್‌ಸ್ಟನ್ ನಡೆದುಕೊಳ್ಳುವುದಿಲ್ಲ, ಅದರದ್ದು 5ಡಿ⁴ 6ಎಸ್². ಪೆಲೇಡಿಯಂ ಎರಡೂ ಎಲೆಕ್ಟ್ರಾನನ್ನು ಎತ್ತಿ 4ಡಿ¹⁰ ಮಾಡಿಕೊಂಡು 5ಎಸ್ ಅನ್ನು ಖಾಲಿ ಬಿಟ್ಟಿದೆ. ಆರಂಭದಲ್ಲಿ ಕ್ರೋಮಿಯಂ, ತಾಮ್ರ ಎರಡನ್ನು ನೆನಪಿಟ್ಟುಕೊಂಡರೆ ಸಾಕು. ತಾಮ್ರದ ಕೆಳಗಿನ ಬೆಳ್ಳಿ, ಚಿನ್ನ ಎರಡೂ ಅದೇ ದಾರಿಯಲ್ಲಿವೆ ಎಂಬುದು ಜೊತೆಗಿರಲಿ.

ಏಳನೇ ಹೆಜ್ಜೆ: ಅಯಾನು ಆಗುವಾಗ ಮೊದಲು ಹೋಗುವುದು ಯಾವುದು

ಈ ಪಾಠದಲ್ಲಿ ಅತಿ ಹೆಚ್ಚು ಮಕ್ಕಳು ಎಡವುವ ಜಾಗ ಇದು. ಕಬ್ಬಿಣ, 26: [ಆರ್ಗಾನ್] 3ಡಿ⁶ 4ಎಸ್². ಎರಡು ಎಲೆಕ್ಟ್ರಾನ್ ತೆಗೆದರೆ ಫೆರಸ್ ಅಯಾನು. ಕೊನೆಯಲ್ಲಿ ತುಂಬಿದ್ದು 3ಡಿ, ಹಾಗಾಗಿ ಅದರಿಂದಲೇ ತೆಗೆಯಬೇಕು ಎಂದು 3ಡಿ⁴ 4ಎಸ್² ಬರೆಯುತ್ತಾರೆ. ತಪ್ಪು. ಹೋಗುವುದು ಅತಿ ಹೊರಗಿನ ಕವಚದ್ದು, ಅಂದರೆ 4ಎಸ್‌ನ ಎರಡೂ. ಫೆರಸ್ ಅಯಾನು [ಆರ್ಗಾನ್] 3ಡಿ⁶. ಇನ್ನೊಂದು ತೆಗೆದರೆ ಫೆರಿಕ್, [ಆರ್ಗಾನ್] 3ಡಿ⁵. ಸಂಡೂರಿನ ಬೆಟ್ಟಗಳ ಕೆಂಪು ಅದಿರು ಹೆಮಟೈಟ್‌ನಲ್ಲಿರುವುದು ಈ ಫೆರಿಕ್ ಅಯಾನೇ.

ಮೊದಲು ತುಂಬಿದ್ದು ಮೊದಲು ಹೋಗುವುದು ಹೇಗೆ ಎಂದು ಕೇಳಿದರೆ, ಎರಡು ಸಂದರ್ಭಗಳಲ್ಲಿರುವ ಪರಮಾಣು ಒಂದೇ ಅಲ್ಲ. ತುಂಬುತ್ತಾ ಹೋಗುವಾಗ ನಾವು ಧಾತುವಿನಿಂದ ಧಾತುವಿಗೆ ನಡೆಯುತ್ತೇವೆ, ಹೆಜ್ಜೆಗೊಂದು ಪ್ರೋಟಾನ್ ಸೇರುತ್ತದೆ. ಪೊಟ್ಯಾಸಿಯಂನಲ್ಲಿ ಹೊರಗೆ ನಿಂತಿದ್ದ 3ಡಿ, ಸ್ಕ್ಯಾಂಡಿಯಂ ಹೊತ್ತಿಗೆ ಆವೇಶ ಹೆಚ್ಚಾದ ಕಾರಣ ಒಳಕ್ಕೆ ಕುಗ್ಗಿ ಕೆಳಗಿಳಿದಿರುತ್ತದೆ. ಎಂ ಕವಚದ ಬಾಗಿಲು ಮತ್ತೆ ತೆರೆದಂತೆ ಕಂಡದ್ದು ಇದರಿಂದಲೇ. ಎಲೆಕ್ಟ್ರಾನ್ ತೆಗೆಯುವಾಗಲಾದರೋ ನಾವು ಒಂದೇ ಧಾತುವಿನ ಮುಂದೆ ನಿಂತಿದ್ದೇವೆ, ಪ್ರೋಟಾನ್‌ಗಳು 26 ಇದ್ದಲ್ಲೇ ಇವೆ. ಅಲ್ಲಿ 4ಎಸ್ ಹೊರಗಿನದು, ಸುಲಭವಾಗಿ ಹೋಗುವುದೂ ಅದೇ. ಕವಚದ ಕ್ರಮದಲ್ಲಿ ಬರೆದಿದ್ದರೆ 4ಎಸ್ ಬಲತುದಿಯಲ್ಲಿ ಇರುತ್ತದೆ, ಅಲ್ಲಿಂದ ಅಳಿಸುತ್ತಾ ಬಂದರೆ ಸಾಕು.

ಬರೆದದ್ದನ್ನು ಓದುವುದು

ಸಾರು ಕುದಿದು ಉಕ್ಕಿ ಒಲೆಯ ಮೇಲೆ ಚೆಲ್ಲಿದಾಗ ಗ್ಯಾಸಿನ ನೀಲಿ ಉರಿ ಒಂದು ಕ್ಷಣ ಹಳದಿಯಾಗುವುದನ್ನು ನೋಡಿರುತ್ತೀರಿ. ಉಪ್ಪಿನ ಸೋಡಿಯಂ ಅದು. ಸೋಡಿಯಂ [ನಿಯಾನ್] 3ಎಸ್¹. ಉರಿಯ ಶಾಖಕ್ಕೆ ಆ ಒಂದು ಎಲೆಕ್ಟ್ರಾನ್ 3ಪಿಗೆ ಏರುತ್ತದೆ, ಮರಳಿ 3ಎಸ್‌ಗೆ ಇಳಿಯುವಾಗ 589 ನ್ಯಾನೋಮೀಟರ್ ಆಸುಪಾಸಿನ ಹಳದಿ ಬೆಳಕು ಬಿಡುತ್ತದೆ. ರಸ್ತೆಯ ಹಳೆಯ ಸೋಡಿಯಂ ದೀಪಗಳ ಹಳದಿಯ ಮೂಲವೂ ಇದೇ ಜಿಗಿತ. ಅದೇ ಎಲೆಕ್ಟ್ರಾನನ್ನು ಪೂರ್ತಿ ಕಿತ್ತು ಹಾಕಲು ಮೋಲ್‌ಗೆ 496 ಕಿಲೋಜೌಲ್ ಸಾಕು. ಎರಡನೆಯದನ್ನು ಕೀಳಲು 4562. ಒಂಬತ್ತು ಪಟ್ಟಿಗೂ ಹೆಚ್ಚು, ಯಾಕೆಂದರೆ ಎರಡನೆಯದು ತುಂಬಿದ 2ಪಿಯಿಂದ ಬರಬೇಕು. ಸೋಡಿಯಂ ಯಾವಾಗಲೂ ಒಂದೇ ಧನ ಆವೇಶ ಹೊತ್ತು ಕಾಣಿಸಿಕೊಳ್ಳುವುದು ಈ ಕಾರಣಕ್ಕೆ.

ಇನ್ನೊಂದು ಉದಾಹರಣೆ ಅಡಿಕೆ ತೋಟದ್ದು. ಮಲೆನಾಡಿನ ಮಕ್ಕಳಿಗೆ ಇದನ್ನು ವಿವರಿಸಬೇಕಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮೈಲುತುತ್ತ ಕರಗುವಾಗ ನೀರು ತಿಳಿನೀಲಿಗೆ ತಿರುಗಿ, ಕಲಕಿದಷ್ಟೂ ನೀಲಿ ಗಾಢವಾಗುತ್ತದೆ. ಗದ್ದೆಗೆ ಹಾಕುವ ಸತುವಿನ ಸಲ್ಫೇಟ್ ಕರಗಿಸಿದರೆ ನೀರಿಗೆ ಬಣ್ಣವೇ ಬರುವುದಿಲ್ಲ. ಎರಡೂ ಸಲ್ಫೇಟ್, ಕೋಷ್ಟಕದಲ್ಲಿ ತಾಮ್ರ, ಸತು ಅಕ್ಕಪಕ್ಕದ ಮನೆಯವು. ವಿನ್ಯಾಸ ಬರೆದು ನೋಡಿ. ಎರಡು ಎಲೆಕ್ಟ್ರಾನ್ ಕಳೆದುಕೊಂಡ ತಾಮ್ರ 3ಡಿ⁹, ಸತು 3ಡಿ¹⁰. ನೀರಿನ ಅಣುಗಳು ಸುತ್ತುವರಿದಾಗ ಐದು ಡಿ ಕಕ್ಷಕಗಳ ಶಕ್ತಿ ಒಂದೇ ಆಗಿ ಉಳಿಯದೆ ಮೇಲೆ ಕೆಳಗೆ ಆಗುತ್ತದೆ. ತಾಮ್ರದಲ್ಲಿ ಮೇಲೆ ಒಂದು ಜಾಗ ಖಾಲಿ. ಕೆಳಗಿನ ಎಲೆಕ್ಟ್ರಾನ್ ಬೆಳಕಿನ ಕೆಂಪು ಭಾಗವನ್ನು ನುಂಗಿ ಅಲ್ಲಿಗೆ ಜಿಗಿಯುತ್ತದೆ, ನಮ್ಮ ಕಣ್ಣಿಗೆ ಉಳಿಯುವುದು ನೀಲಿ. ಸತುವಿನಲ್ಲಿ ಜಿಗಿಯಲು ಜಾಗವೇ ಇಲ್ಲ. ಪ್ರಯೋಗಶಾಲೆಯಲ್ಲಿ ಮೈಲುತುತ್ತದ ಹರಳನ್ನು ಬಿಸಿಮಾಡಿ ನೀರಿನ ಅಂಶ ಹೋಗಲಾಡಿಸಿದರೆ ಅದೂ ಬೆಳ್ಳಗಾಗುತ್ತದೆ. 3ಡಿ⁹ ಹಾಗೆಯೇ ಇದೆ, ಸುತ್ತಲಿನ ನೀರು ಹೋಗಿ ಶಕ್ತಿಯ ಅಂತರ ಬದಲಾಗಿದೆ. ಒಂದು ಹನಿ ನೀರು ಹಾಕಿ, ನೀಲಿ ಮರಳಿ ಬರುತ್ತದೆ.

ನೀವೇ ಮಾಡಿ

ಕೋಷ್ಟಕ ನೋಡಿಕೊಂಡು ಇವನ್ನು ಬರೆಯಿರಿ: ರಂಜಕ 15, ಕ್ಯಾಲ್ಸಿಯಂ ಅಯಾನು, ನಿಕ್ಕಲ್ 28, ನಿಕ್ಕಲ್‌ನ ಎರಡು ಧನ ಆವೇಶದ ಅಯಾನು, ಸೀಸ 82. ಉತ್ತರ ಹೀಗೆ ಬರಬೇಕು. ರಂಜಕ [ನಿಯಾನ್] 3ಎಸ್² 3ಪಿ³, ಮೂರು ಚೌಕದಲ್ಲೂ ಒಂದೊಂದು ಬಾಣ. ಕ್ಯಾಲ್ಸಿಯಂ ಅಯಾನು ಆರ್ಗಾನ್‌ನಂತೆಯೇ, 18 ಎಲೆಕ್ಟ್ರಾನ್. ನಿಕ್ಕಲ್ [ಆರ್ಗಾನ್] 3ಡಿ⁸ 4ಎಸ್², ಅದರ ಅಯಾನು [ಆರ್ಗಾನ್] 3ಡಿ⁸. ಸೀಸ [ಕ್ಸೆನಾನ್] 4ಎಫ್¹⁴ 5ಡಿ¹⁰ 6ಎಸ್² 6ಪಿ². ಸೀಸದಲ್ಲಿ 4ಎಫ್ ಬಿಟ್ಟುಹೋಗಿದ್ದರೆ ಕೆಳಗೆ ಬೇರೆಯಾಗಿ ಮುದ್ರಿಸಿರುವ ಸಾಲನ್ನು ದಾಟಿಹೋಗಿದ್ದೀರಿ ಎಂದರ್ಥ. ಬೇರಿಯಂ ಆದಮೇಲೆ ಕೆಳಗಿಳಿದು ನಡೆದು ಮೇಲೆ ಬನ್ನಿ.

ಕೊನೆಯದೊಂದು. ಕೋಷ್ಟಕ ಈಗ 118ಕ್ಕೆ, ಒಗನೆಸಾನ್‌ಗೆ ನಿಂತಿದೆ. 119ನೆಯ ಧಾತುವನ್ನು ಯಾರೂ ಇನ್ನೂ ತಯಾರಿಸಿಲ್ಲ. ಆದರೂ ಅದರ ಕೊನೆಯ ಎಲೆಕ್ಟ್ರಾನ್ ಎಲ್ಲಿ ಕೂರಬೇಕು ಎಂದು ನಿಯಮದ ಪ್ರಕಾರ ನೀವು ಈಗಲೇ ಬರೆಯಬಹುದು: [ಒಗನೆಸಾನ್] 8ಎಸ್¹. 120ರಲ್ಲಿ 8ಎಸ್ ತುಂಬಿತು. 121ಕ್ಕೆ ಮೊತ್ತ 9 ಬರುವ ಉಪಕವಚಗಳನ್ನೆಲ್ಲ ಬರೆದು, ಅವುಗಳಲ್ಲಿ ಕವಚದ ಸಂಖ್ಯೆ ಅತಿ ಕಡಿಮೆ ಇರುವುದನ್ನು ಹುಡುಕಿ. ನಮ್ಮ ನಾಲ್ಕು ಅಕ್ಷರಗಳಲ್ಲಿ ಇಲ್ಲದ ಐದನೆಯದೊಂದು ಸಿಗುತ್ತದೆ, ಅದಕ್ಕೆ ಜಿ ಎಂದು ಹೆಸರು. 1, 3, 5, 7 ಆದಮೇಲೆ ಅದರಲ್ಲಿ ಕಕ್ಷಕಗಳು ಎಷ್ಟು, ಅದು ಹಿಡಿಯುವ ಎಲೆಕ್ಟ್ರಾನ್ ಎಷ್ಟು ಎಂದು ಚೌಕ ಬರೆದು ಎಣಿಸಿ.